ಮೊದಲ ಬೆಂಕಿ

ಕಫದಲ್ಲಿ ಕೆಂಪು ಕಂಡದ್ದು ಮಣೆ ಹಾಕುವ ದಿನವೇ.

ದುರ್ಗಿ ಬಾಡ ಊರಿನ ತನ್ನ ಮನೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಕೈಯಲ್ಲಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ದಿನಾ ಬೆಳಿಗ್ಗೆ ಅದರಲ್ಲಿ ಉಗುಳಬೇಕು. ಬಣ್ಣ ನೋಡಬೇಕು. ಆಮೇಲೆ ಹುಗಿಯಬೇಕು. ಬಿಳಿ ಇದ್ದರೆ ಸರಿ. ಹಳದಿಯಾದರೆ ಎಚ್ಚರ. ಹಸಿರಾಗಿ ನಾತ ಬಂದರೆ ಮಾತ್ರೆ ಬೇಕು. ಕೆಂಪು ಕಂಡರೆ ಅವತ್ತೇ ಹೊನ್ನಾವರಕ್ಕೆ ಬನ್ನಿ, ನಾಳೆ ಅನ್ನಬೇಡಿ. ಹೀಗಂತ ಆಸ್ಪತ್ರೆಯ ಫಿಸಿಯೋ ಹುಡುಗಿ ಕಲ್ಪನಾ ನಾಲ್ಕು ಸಲ ಹೇಳಿ, ನಾಲ್ಕು ಸಲ ದುರ್ಗಿಯ ಬಾಯಲ್ಲೂ ಹೇಳಿಸಿದ್ದಳು.

ಇವತ್ತು ಹಸಿರಿನ ನಡುವೆ ಕೆಂಪು ಎಳೆ. ದಾರದಷ್ಟು. ದುರ್ಗಿ ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಎಲೆಅಡಿಕೆಯ ಕೆಂಪೇ ಇರಬೇಕು ಅಂದುಕೊಂಡಳು. ಅವಳು ಎಲೆಅಡಿಕೆ ಬಿಟ್ಟು ಎರಡು ವರ್ಷವಾಗಿತ್ತು.

"ಅತ್ತೆ, ಬನ್ನಿ. ಹೊಡೀತೆ," ಒಳಗಿಂದ ಸೊಸೆ ಸುಷ್ಮಾ ಕರೆದಳು.

ಅದೂ ದಿನಾ ಬೆಳಗಿನ ಕೆಲಸ. ಮಂಚದ ಕಾಲಬದಿಗೆ ಎರಡು ಚಿರೆಕಲ್ಲು ಇಟ್ಟಿತ್ತು. ದುರ್ಗಿ ತಲೆ ತಗ್ಗಿಗೆ ಬರುವ ಹಾಗೆ ಬೋರಲು ಮಲಗಬೇಕು. ಸುಷ್ಮಾ ಅಂಗೈ ಗುಳಿ ಮಾಡಿಕೊಂಡು ಅವಳ ಬೆನ್ನಿಗೆ ತಟ್ಟಬೇಕು, ಹತ್ತು ನಿಮಿಷ. ಎದೆಯ ತಳದಲ್ಲಿ ಕೂತ ಕಫ ಸಡಿಲಾಗಿ ಗಂಟಲಿಗೆ ಇಳಿಯುತ್ತದೆ. ಸದ್ದು ನಾಲ್ಕು ಮನೆಗೆ ಕೇಳುತ್ತದೆ. ಶನಿಯಾರ ಎಂಬ ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ಹೇಳುತ್ತಿದ್ದ, "ಸೊಸೆ ಅತ್ತೆಗೆ ಹೊಡೆಯೂದು ಎಲ್ಲಾ ಊರಲ್ಲೂ ಅದೆ. ಇಷ್ಟು ಟೈಮಿಗೆ ಸರಿಯಾಗಿ ಹೊಡೆಯೂದು ನಮ್ಮ ಬಾಡದಲ್ಲಿ ಮಾತ್ರ."

"ಇವತ್ತು ಬ್ಯಾಡ," ಎಂದಳು ದುರ್ಗಿ. "ತಡ ಆತು."

ರಕ್ತ ಕಂಡ ದಿನ ತಲೆ ತಗ್ಗಿಸಿ ಮಲಗಬಾರದು, ತಟ್ಟಿಸಿಕೊಳ್ಳಬಾರದು. ಅದನ್ನೂ ಕಲ್ಪನಾ ಹೇಳಿದ್ದಳು. ಕೆಂಪು ಕಂಡದ್ದು ಹೇಳಿದರೆ ಸುಷ್ಮಾ ಹೊಸ್ತಿಲು ದಾಟಲು ಬಿಡುವುದಿಲ್ಲ. ದುರ್ಗಿ ಡಬ್ಬಿಯದನ್ನು ಮಣ್ಣಿಗೆ ಹಾಕಿ, ಮೇಲೆ ಮಣ್ಣು ಎಳೆದು, ಕಾಲಿನಿಂದ ಒತ್ತಿದಳು. ಎದೆಯ ಕೊಳೆ ಎದೆಯಲ್ಲೇ ಉಳಿಯಿತು.

ಜೂನ್, ಜುಲೈ ಎರಡು ತಿಂಗಳು ಟ್ರಾಲರ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗಸ್ಟಿನಲ್ಲಿ ಮೊದಲ ಬೋಟು ತದಡಿ ಬಂದರಿಗೆ ಬರುವ ದಿನ ಮೋಹನನ ಶೆಡ್ಡಿನಲ್ಲಿ ಹೆಂಗಸರು ಮಣೆ ಹಾಕುತ್ತಾರೆ. ಮೀನು ಬೇರ್ಪಡಿಸುವ ಕೆಲಸ. ರಾಶಿಯ ಸುತ್ತ ಹದಿನಾಲ್ಕು ಮಣೆ. ಅವತ್ತು ಎಲ್ಲಿ ಕೂತಳೋ ಮುಂದಿನ ಮೇ ತನಕ ಅದೇ ಅವಳ ಜಾಗ. ಜ್ವರ ಬಂದು ಎಂಟು ದಿನ ಮಲಗಿದರೂ ಆ ಮಣೆಯನ್ನು ಯಾರೂ ಸರಿಸುವುದಿಲ್ಲ. ಅವತ್ತು ಕೂರದವಳಿಗೆ ಮಾತ್ರ ವರ್ಷವಿಡೀ ಜಾಗವಿಲ್ಲ. ಇದು ಯಾರೂ ಬರೆದ ಕಾನೂನಲ್ಲ. ಬರೆದಿದ್ದರೆ ಅಳಿಸಬಹುದಿತ್ತು.

ಬೆಳಿಗ್ಗೆ ಮಣೆ ಹಾಕುವುದು. ಮಧ್ಯಾಹ್ನದ ಬಸ್ಸಿಗೆ ಹೊನ್ನಾವರ. ಅರ್ಧ ದಿನದಲ್ಲಿ ಸಾಯುವುದಿಲ್ಲ. ದುರ್ಗಿ ಹೀಗೆ ಲೆಕ್ಕ ಹಾಕಿದಳು. ಬಲಭುಜದ ಕೆಳಗೆ, ಬೆನ್ನಿನ ಕಡೆ, ಅವಳ ಹೆದರಿಕೆಗೆ ಒಂದು ಖಾಯಂ ಜಾಗವಿತ್ತು. ಅದು ಈಗ ಬಿಸಿಯಾಗಿತ್ತು.

ಇಪ್ಪತ್ತೆರಡು ವರ್ಷ ಅವಳು ಅದೇ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಹಂಡೆ ಕಾದವಳು. ಸಣ್ಣ ಸಿಗಡಿಯನ್ನು, ಇಲ್ಲಿಯವರ ಬಾಯಲ್ಲಿ ಶೆಟ್ಲಿಯನ್ನು, ಉಪ್ಪುನೀರಲ್ಲಿ ಬೇಯಿಸಿ ಒಣಗಿಸುವ ಕೆಲಸ. ಮಳೆ ನಿಲ್ಲುವ ತನಕ ಬಿಸಿಲಿಲ್ಲ. ಒಲೆಯ ಮೇಲೆ ತಟ್ಟಿ ಕಟ್ಟಿ ಹೊಗೆಯಲ್ಲೇ ಒಣಗಿಸಬೇಕು. ಹಸಿ ಕಟ್ಟಿಗೆ, ಒದ್ದೆ ತೆಂಗಿನ ಸಿಪ್ಪೆ, ತಗಡಿನ ಮಾಡು. ಇದ್ದದ್ದು ಒಂದು ಕಿಟಕಿ. ಕಾಗೆ ಬರುತ್ತದೆಂದು ಅದಕ್ಕೂ ಗೋಣಿ ಹೊಡೆದಿದ್ದರು. ಬೆಂಕಿ ಸತ್ತರೆ ಬಗ್ಗಿ ಊದಬೇಕು. ಊದಲು ಎಳೆದ ಉಸಿರೆಲ್ಲ ಹೊಗೆ. ದಿನಕ್ಕೆ ಹತ್ತು ತಾಸು. ಸಂಜೆ ಮೂಗು ಸೀಟಿದರೆ ಕಪ್ಪು ಬರುತ್ತಿತ್ತು. ಎಲ್ಲರಿಗೂ ಹಾಗೇ ಬರುತ್ತದೆ ಎಂದುಕೊಂಡಿದ್ದಳು.

ಮೊದಲು ದಿಬ್ಬ ಹತ್ತುವಾಗ ದಮ್ಮು. ಆಮೇಲೆ ಬಾವಿಕಟ್ಟೆಗೆ ಹೋಗುವಾಗ. ಆಮೇಲೆ ತಲೆ ಬಾಚುವಾಗ. ಅದರ ಜೊತೆಗೆ ಕಫ, ಬೆಳಿಗ್ಗೆ ಬೆಳಿಗ್ಗೆ ಲೋಟ ತುಂಬ. ಎರಡು ಸಲ ಟೀಬಿ ಮಾತ್ರೆ ತಿಂದಳು. ಎರಡು ಸಲವೂ ಕಫದಲ್ಲಿ ಟೀಬಿ ಸಿಕ್ಕಿರಲಿಲ್ಲ. ಎರಡು ಸಲವೂ ಒಬ್ಬ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು "ಇದ್ದರೂ ಇರಬಹುದು" ಎಂದಿದ್ದ. ಇದ್ದರೂ ಇರಬಹುದು ಎಂಬ ಒಂದು ಮಾತಿಗೆ ಅವಳು ಹನ್ನೆರಡು ತಿಂಗಳು ಆ ಮಾತ್ರೆಯ ಬಣ್ಣಕ್ಕೆ ಕೆಂಪು ಉಚ್ಚೆ ಹೊಯ್ದಳು. ಮಾತ್ರೆ ಮುಗಿಯಿತು. ಕೆಮ್ಮು ಮುಗಿಯಲಿಲ್ಲ. ಹೆಸರು ಮಾತ್ರ ಅಂಟಿಕೊಂಡಿತು. ಶೆಡ್ಡಿನಲ್ಲಿ ಅವಳ ಲೋಟ ಬೇರೆಯಾಯಿತು. ಮನೆಯಲ್ಲೂ ಸುಷ್ಮಾ ಒಂದು ವರ್ಷ ತಟ್ಟೆ ಬೇರೆ ಇಟ್ಟಿದ್ದಳು. ಈಗ ಅದರ ಮಾತು ಬಂದರೆ ತಲೆ ತಗ್ಗಿಸುತ್ತಾಳೆ.

ಕೊನೆಗೆ ಹೊನ್ನಾವರದಲ್ಲಿ ಸ್ಕ್ಯಾನ್ ಆಯಿತು. ಕಲ್ಪನಾ ಚಿತ್ರ ನೋಡಿ ಕೇಳಿದ ಮೊದಲ ಪ್ರಶ್ನೆ, "ದುರ್ಗಮ್ಮ, ಎಷ್ಟು ವರ್ಷ ಬೀಡಿ ಸೇದಿದ್ರಿ?"

"ನಾ ಬೀಡಿ ಮುಟ್ಟಿದವಳಲ್ಲ."

"ಮತ್ತೆ ಈ ಹೊಗೆ ಎಲ್ಲಿಂದ?"

ದುರ್ಗಿ ಹಂಡೆಯ ಮಾತು ಹೇಳಿದಳು. ಆ ಹುಡುಗಿ ವಿವರಿಸಿದಳು. ಎದೆಯಲ್ಲಿ ಒಂದಲ್ಲ, ಎರಡು ಕಾಯಿಲೆ. ಹೊಗೆಯಿಂದ ಉಸಿರಿನ ಕೊಳವೆಗಳು ಕಿರಿದಾಗಿವೆ, ಅದು ಒಂದು. ಕೆಲವು ಕೊಳವೆಗಳು ಹಿಗ್ಗಿ, ಸಡಿಲಾಗಿ, ಕಫವನ್ನು ಮೇಲೆ ತಳ್ಳುವ ಶಕ್ತಿ ಕಳೆದುಕೊಂಡಿವೆ, ಅದು ಇನ್ನೊಂದು. ಕಫ ಅಲ್ಲೇ ನಿಲ್ಲುತ್ತದೆ. ನಿಂತದ್ದು ಕೊಳೆಯುತ್ತದೆ. ಕೊಳೆತದ್ದು ಕೊಳವೆಯನ್ನು ಇನ್ನಷ್ಟು ಹಾಳು ಮಾಡುತ್ತದೆ. ಒಂದೇ ಕಾಯಿಲೆ ಇದ್ದವರಿಗಿಂತ ಎರಡೂ ಇದ್ದವರು ಹೆಚ್ಚು ಸಲ ಹಾಸಿಗೆ ಹಿಡಿಯುತ್ತಾರೆ.

"ಗಜನಿಯ ಜಂತ್ರಡಿ ಮುರಿದ ಹಾಗೆ," ಎಂದಳು ದುರ್ಗಿ. ಅಘನಾಶಿನಿ ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ಒಳಹೊರಗೆ ಬಿಡುವ ಹಲಗೆಬಾಗಿಲೇ ಜಂತ್ರಡಿ. ಅದು ಮುರಿದರೆ ಬಂದ ನೀರು ಹೋಗುವುದಿಲ್ಲ. ಗದ್ದೆ ನಾರುತ್ತದೆ.

"ಹಾಗೇ," ಎಂದಳು ಕಲ್ಪನಾ. "ಆದ್ರೆ ಇದು ಒಬ್ಬರಿಂದ ಒಬ್ಬರಿಗೆ ಹರಡೂದಲ್ಲ. ಮಕ್ಕಳನ್ನ ಎತ್ತಿಕೊಳ್ಳಿ. ಹೊಗೆ ಹತ್ರ ಮಾತ್ರ ಹೋಗಬೇಡಿ. ಜನ್ಮದಲ್ಲಿ ಹೋಗಬೇಡಿ."

ಹಂಡೆ ಬಿಟ್ಟು ಅವಳು ರಾಶಿಯ ಸಾಲಿಗೆ ಬಂದು ಎರಡು ವರ್ಷವಾಗಿತ್ತು.

ಬಾಡದಿಂದ ಅಘನಾಶಿನಿಗೆ ಬಸ್ಸು. ಅಲ್ಲಿಂದ ಹೊಳೆ ದಾಟಿ ತದಡಿಗೆ ದೋಣಿ. ದೋಣಿಯ ನಡುವಿನಲ್ಲಿ ಕೆಮ್ಮು ಬಂತು. ದುರ್ಗಿ ಬಾಯಿಗೆ ಸೆರಗು ತುರುಕಿದಳು. ಆದರೂ ಬಂತು. ಮೊದಲು ಒಣ ಸದ್ದು, ಆಮೇಲೆ ಒಳಗಿನಿಂದ ಏನೋ ಹರಿದ ಹಾಗೆ ಒದ್ದೆ ಸದ್ದು. ಪಕ್ಕ ಕೂತಿದ್ದ ಹೆಂಗಸು ತನ್ನ ಚೀಲವನ್ನು ಮಡಿಲಿಗೆ ಎತ್ತಿಕೊಂಡಳು. ಎದುರಿನ ಇಬ್ಬರು ಮುಖ ತಿರುಗಿಸಿದರು. ಎಲ್ಲರೂ ಒಂದು ಬದಿಗೆ ವಾಲಿದಾಗ ದೋಣಿಯೇ ಓರೆಯಾಯಿತು.

"ಅಲ್ಲೇ ಕೂತ್ಕಳಿ ಮಾರಾಯ್ರೆ," ಎಂದು ದೋಣಿಯವನು ಬೈದ. "ಕೆಮ್ಮಿಗಿಂತ ಮೊದ್ಲು ನೀರಲ್ಲಿ ಸಾಯ್ತಿರಿ."

ಬಾಯಿಗೆ ಬಂದದ್ದು ಬಿಸಿಯಾಗಿತ್ತು. ಕಬ್ಬಿಣದ ರುಚಿ. ಉಗುಳಿದರೆ ಕಾಣುತ್ತದೆ. ದುರ್ಗಿ ನುಂಗಿದಳು. ಕಾಲಿನ ಬೆರಳುಗಳು ತಣ್ಣಗಾದವು. ಅರ್ಧ ದಿನ, ಎಂದು ಮತ್ತೆ ಹೇಳಿಕೊಂಡಳು. ಅರ್ಧ ದಿನ.

ಶೆಡ್ಡಿನಲ್ಲಿ ಹದಿಮೂರು ಮಣೆ ಬಿದ್ದಿದ್ದವು. ದುರ್ಗಿ ತನ್ನದನ್ನು ಬಾಗಿಲಲ್ಲಿ ಇಳಿಸಿದಳು. ಸಾಲಿಗೆ ಹಿರಿಯಳು ಜಯಂತಿ. ಅವಳ ಬಲಕ್ಕೆ ಮಾಲತಿ, ಹೋದ ವರ್ಷ ಮದುವೆಯಾಗಿ ಬಂದವಳು. ಇಬ್ಬರ ನಡುವೆ ದುರ್ಗಿ ಕೂರುತ್ತಿದ್ದ ಜಾಗ. ಅಲ್ಲಿ ಜಯಂತಿಯ ಕಾಲು ಚಾಚಿತ್ತು.

"ಜಯಂತಿ, ಸ್ವಲ್ಪ ಸರಿ."

"ಮೋಹನಣ್ಣನ ಹತ್ರ ಮಾತಾಡ್ಕಂಡು ಬಾ."

"ಮಣೆ ಹಾಕೂಕೆ ಮೋಹನಣ್ಣನ ಕೇಳೂದು ಯಾವಾಗಿಂದ?"

"ನೀ ಕೆಮ್ಮೂಕೆ ಸುರು ಮಾಡಿದಾಗಿಂದ."

ಯಾರೋ ನಕ್ಕರು. ಜಯಂತಿ ನಗಲಿಲ್ಲ. "ನಂಗೆ ಮನೇಲಿ ಮೂರು ತಿಂಗಳ ಮೊಮ್ಮಗು ಅದೆ ದುರ್ಗಿ. ಎದೆಹಾಲು ಬಿಟ್ರೆ ಎಂತಾ ಗೊತ್ತಿಲ್ಲ ಅದ್ಕೆ. ನಾ ನಿನ್ನ ಪಕ್ಕ ಕೂತು ಮನೆಗೆ ಹೋಗಿ ಅದನ್ನ ಎತ್ತಬೇಕಾ?"

"ಹರಡೂದಲ್ಲ ಅಂತ ಡಾಕ್ಟ್ರ ಚೀಟಿ ತಂದು ಕೊಟ್ಟಿದ್ದೆ."

"ಚೀಟಿ ಇಂಗ್ಲಿಷಲ್ಲಿ ಅದೆ. ಕೆಮ್ಮು ಕನ್ನಡದಲ್ಲೇ ಕೇಳ್ತದೆ."

ಮೋಹನ ಬಂದ. ನಲವತ್ತರ ಆಸುಪಾಸು, ಶೆಡ್ಡಿನ ಮಾಲಕ. ಅವನಿಗಿಂತ ಹತ್ತು ವರ್ಷ ಹಿರಿಯ ಹೆಂಗಸರೂ ಅವನನ್ನು ಅಣ್ಣ ಎನ್ನುತ್ತಿದ್ದರು. ಅವನು ಗದರುವವನಲ್ಲ. ಗದರಿದ್ದರೆ ಜಗಳಕ್ಕೆ ದಾರಿ ಇರುತ್ತಿತ್ತು.

"ದುರ್ಗಕ್ಕ, ನಿನ್ನ ಚೀಟಿ ಓದಿದೆ, ನಂಗೆ ಬಂದಷ್ಟು. ಸಿ.ಒ.ಪಿ.ಡಿ. ಅಂತ ಅದೆ. ಅದರ ಕೆಳಗೆ ಒಂದು ಉದ್ದದ್ದು ಅದೆ."

"ಬ್ರಾಂಕಿಯೆಕ್ಟಾಸಿಸ್," ಎಂದಳು ದುರ್ಗಿ. ಸುಷ್ಮಾಳ ಹತ್ತಿರ ಬರೆಸಿಕೊಂಡು ಬಾಯಿಪಾಠ ಮಾಡಿದ್ದಳು. ಮೂರು ದಿನ ಬೇಕಾಗಿತ್ತು.

"ಎಂತದೇ ಅದು, ಬೋಟಿನ ಹೆಸರಾ?" ಸಾಲಿನ ಆ ತುದಿಯಿಂದ ಒಬ್ಬಳು ಕೇಳಿದಳು. ಈ ಸಲ ಎಲ್ಲರೂ ನಕ್ಕರು. ಮಾಲತಿಯೂ ನಕ್ಕು, ಆಮೇಲೆ ಕೆಳಗೆ ನೋಡಿದಳು.

"ಟೀಬಿ ಅಲ್ಲ ಅಂತಾನೂ ಬರೆದಿದಾರೆ."

"ಬರೆದಿದಾರೆ. ನಾ ಇಲ್ಲ ಅಂತಿಲ್ಲ," ಎಂದ ಮೋಹನ. "ಆದ್ರೆ ಇವರಿಗೆ ಹೆದರಿಕೆ. ನೀ ಕೂತ್ರೆ ಆರು ಜನ ಏಳ್ತಾರೆ. ಬೋಟು ಅಳಿವೆಗೆ ಬಂದಾತು. ನಾ ಎಂತ ಮಾಡ್ಲಿ, ನೀನೇ ಹೇಳು. ನಿನ್ನ ಕೈ ಬಿಡೂದಿಲ್ಲ ನಾನು. ಹಂಡೆಗೆ ಹೋಗು."

ದುರ್ಗಿಗೆ ಮೊದಲು ಅರ್ಥವಾಗಲಿಲ್ಲ.

"ಅಲ್ಲಿ ನೀನೊಬ್ಬಳೇ ಇರೂದು. ಎಷ್ಟು ಕೆಮ್ಮಿದ್ರೂ ಯಾರಿಗೂ ತಾಗೂದಿಲ್ಲ. ನಿಂಗೆ ಗೊತ್ತಿದ್ದ ಕೆಲಸ."

"ಹೊಗೆ ಬ್ಯಾಡ ಅಂದಿದಾರೆ ಡಾಕ್ಟ್ರು."

"ಡಾಕ್ಟ್ರು ಎಲ್ಲಾ ಬ್ಯಾಡ ಅಂತಾರೆ. ನಂಗೆ ಅನ್ನವೇ ಬ್ಯಾಡ ಅಂದಿದಾರೆ." ಅವನು ಹೊಟ್ಟೆ ತಟ್ಟಿಕೊಂಡ. "ವರ್ಷದ ಮೊದಲ ಬೆಂಕಿ ನಿನ್ನ ಕೈಯಿಂದಲೇ ಆಗ್ಲಿ. ಇಲ್ಲಿ ನಿನ್ನಷ್ಟು ಹಳಬರು ಯಾರಿದಾರೆ?"

ಎದೆ ಸುಟ್ಟ ಕೋಣೆಯನ್ನೇ ಎದೆ ಸುಟ್ಟವಳಿಗೆ ಕೊಡುತ್ತಿದ್ದ. ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟಿದ್ದ. ಹದಿಮೂರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಮಸ್ಯೆ ಬಗೆಹರಿಯಿತು ಎಂಬ ಹಗುರ ಅವರ ಭುಜಗಳಲ್ಲಿ ಕಾಣುತ್ತಿತ್ತು.

ದುರ್ಗಿ ಹೋದಳು.

ಸಿಟ್ಟು ಬರಲಿಲ್ಲವೆಂದಲ್ಲ. ಹೆದರಿಕೆ ಸಿಟ್ಟಿಗಿಂತ ದೊಡ್ಡದಿತ್ತು. ಇಲ್ಲ ಎಂದರೆ ಮೇ ತನಕ ಮನೆಯಲ್ಲಿ ಕೂರಬೇಕು. ಮಗ ಬೋಟಿನ ಮೇಲೆ, ಸೊಸೆಯ ಕೈಯಲ್ಲಿ ಹೊಲಿಗೆಮಿಷನ್ನು, ಅವಳು ಮಾತ್ರ ಮೂಲೆಯಲ್ಲಿ ಕಫದ ಡಬ್ಬಿ ಹಿಡಿದುಕೊಂಡು. ಬೆಂಕಿ ಹಚ್ಚಿ ಹೊರಗೆ ನಿಂತರಾಯಿತು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿದರಾಯಿತು. ಇಂಥವನ್ನು ಅವಳು ಹತ್ತು ಹೆಜ್ಜೆಯಲ್ಲಿ ಹತ್ತು ಹೇಳಿಕೊಂಡಳು.

ಹಿಂದಿನ ಕೋಣೆಗೆ ಬಾಗಿಲಿಲ್ಲ, ಗೋಡೆಯಲ್ಲಿ ಒಂದು ತೆರಪು ಮಾತ್ರ. ಸಾಲಿನಲ್ಲಿ ಕೂತವರಿಗೆ ಒಲೆ ಕಾಣುತ್ತದೆ. ಹಂಡೆಗೆ ಮೂರು ಕಡೆ ಕುಂಕುಮ ಬಳಿದಿದ್ದರು. ಒಡೆದ ತೆಂಗಿನಕಾಯಿ, ಎರಡು ಊದುಬತ್ತಿ. ನೆಲವೆಲ್ಲ ಹಳೇ ಉಪ್ಪು ಕಟ್ಟಿ ಬೆಳ್ಳಗಾಗಿತ್ತು. ಕಿಟಕಿಯ ಗೋಣಿ ಹಾಗೇ ಇತ್ತು. ಮೋಹನ ಬೆಂಕಿಪೊಟ್ಟಣ ಕೊಟ್ಟು ಕೈಮುಗಿದು ನಿಂತ.

ಅವಳು ಗೀರಿದಳು. ಒಣಗರಿ ಹತ್ತಿತು. ಸಿಪ್ಪೆ ಹತ್ತಲಿಲ್ಲ. ಎರಡು ತಿಂಗಳ ಮಳೆ ಕುಡಿದ ಸಿಪ್ಪೆ ಬುಸುಗುಟ್ಟಿ, ದಪ್ಪ ಬೂದುಬಣ್ಣದ ಹೊಗೆ ಬಿಟ್ಟಿತು.

"ಊದು ಸ್ವಲ್ಪ," ಎಂದ ಮೋಹನ.

ಬಗ್ಗಿದಳು. ಉಸಿರು ಎಳೆದಳು. ಎಳೆದದ್ದು ಅರ್ಧ ದಾರಿಯಲ್ಲಿ ನಿಂತಿತು.

ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಎದೆ ಹಲಗೆಯಾಯಿತು. ಕತ್ತಿನ ನರಗಳು ಎದ್ದವು. ಅವಳು ನೆಲಕ್ಕೆ ಎರಡೂ ಕೈ ಊರಿದಳು. ಬಾಯಿ ತೆರೆದಿತ್ತು, ಅದರೊಳಗೆ ಗಾಳಿ ಇರಲಿಲ್ಲ. ಸಾವು ಬಂದರೆ ನೋವು ಬರುತ್ತದೆ ಎಂದು ಅವಳು ತಿಳಿದಿದ್ದಳು. ನೋವಿರಲಿಲ್ಲ. ಮುಂದಿನ ಉಸಿರು ಇಲ್ಲ ಎಂಬುದು ಮಾತ್ರ ಗೊತ್ತಿತ್ತು. ಆಮೇಲೆ ಕೆಮ್ಮು ಹೊಡೆಯಿತು. ಬೆನ್ನಿನ ಆ ಜಾಗದಲ್ಲಿ ಏನೋ ಬಿರಿದು ಬಿಸಿಯಾಗಿ ಮೇಲೆ ಬಂತು. ಸೆರಗಿಗೆ ಕೈ ಹೋಗುವಷ್ಟು ಹೊತ್ತಿರಲಿಲ್ಲ.

ಉಪ್ಪಿನ ನೆಲದ ಮೇಲೆ ರಕ್ತ ಬಿತ್ತು. ಅಂಗೈ ಅಗಲ. ಆಮೇಲೆ ಇನ್ನೊಂದು.

ಸಾಲಿನಲ್ಲಿ ಯಾರೋ "ಅಯ್ಯೋ ದೇವ್ರೆ" ಎಂದರು. ಮೋಹನ ಎರಡು ಹೆಜ್ಜೆ ಹಿಂದೆ ಸರಿದ. ಹೊಗೆ ಬರುತ್ತಲೇ ಇತ್ತು.

ದುರ್ಗಿ ಅದನ್ನು ನೋಡಿದಳು. ಕೆಂಪನ್ನಲ್ಲ, ಹೊಗೆಯನ್ನು. ಗೋಡೆಯ ಪಕ್ಕ ಮೀನಿನ ಪೆಟ್ಟಿಗೆ ತೊಳೆಯಲು ಬಕೆಟಿನಲ್ಲಿ ಐಸ್ ಕರಗಿದ ನೀರಿತ್ತು. ಎತ್ತುವ ಶಕ್ತಿ ಇರಲಿಲ್ಲ. ಎಳೆದಳು. ನೆಲ ಕೆರೆದು ಬಕೆಟು ಬಂತು. ಒಲೆಯ ಬಾಯಿಗೆ ತಂದು, ಮಂಡಿಯಿಂದ ತಳ್ಳಿ ಮಗುಚಿದಳು.

ಬೆಂಕಿ ಒಂದೇ ಸಲ ಸತ್ತಿತು.

"ಎಂತ ಮಾಡಿದ್ಯೇ ಮುಂಡೆ," ಎಂದ ಮೋಹನ. ಅಕ್ಕ ಎಂಬ ಮಾತು ಎಲ್ಲೋ ಹೋಗಿತ್ತು. "ವರ್ಷದ ಮೊದಲ ಬೆಂಕಿ. ಆರಿಸಿದ್ಯಲ್ಲೇ."

ದುರ್ಗಿ ಗೋಡೆ ಹಿಡಿದು ಎದ್ದಳು. ಒಂದು ಮಾತಿಗೆ ಒಂದು ಉಸಿರು ಬೇಕಾಗಿತ್ತು. ಉಸಿರು ಬರುವ ತನಕ ಕಾದು ಒಂದೊಂದೇ ಹೇಳಿದಳು.

"ಇದು ಟೀಬಿ ಅಲ್ಲ."

ಕಾದಳು.

"ಇದು ಈ ಕೋಣೆ."

ಮತ್ತೆ ಕಾದಳು.

"ಜಯಂತಿ. ನಂಗೆ ಹೆದರ್ಬ್ಯಾಡ. ಇದಕ್ಕೆ ಹೆದ್ರು."

ಗೋಡೆ ಬಿಟ್ಟು ಸಾಲಿಗೆ ನಡೆದಳು. ಅವಳು ಬಂದ ಹಾಗೆ ಜಯಂತಿ ಕಾಲು ಎಳೆದುಕೊಂಡಳು, ಮಾಲತಿ ಆ ಕಡೆ ಸರಿದಳು. ಜಾಗವಾಯಿತು. ಮರ್ಯಾದೆಗಲ್ಲ, ಅವಳ ಬಾಯಿಯ ರಕ್ತಕ್ಕೆ. ಯಾವುದಕ್ಕಾದರೂ ಆಗಲಿ. ಬಾಗಿಲಲ್ಲೇ ಬಿಟ್ಟಿದ್ದ ಮಣೆಯನ್ನು ಕಾಲಿನಿಂದ ದೂಡಿಕೊಂಡು ಬಂದು ಇಟ್ಟು ಕೂತಳು. ಕಲ್ಪನಾ ಹೇಳಿದ ಹಾಗೆ ನೆಟ್ಟಗೆ, ಮಂಡಿಯ ಮೇಲೆ ಕೈ ಊರಿ, ಸ್ವಲ್ಪ ಮುಂದೆ ಬಾಗಿ.

"ಗಾಡಿ ಬೇಕು," ಎಂದಳು. "ಹೊನ್ನಾವರಕ್ಕೆ. ಸುಷ್ಮಾಗೆ ಫೋನ್ ಹಾಕಿ."

ಮಾಲತಿ ಫೋನ್ ತೆಗೆದಳು. ಎರಡು ಸಲ ತಪ್ಪು ನಂಬರ್ ಒತ್ತಿ ಮೂರನೇ ಸಲಕ್ಕೆ ಹೋಯಿತು.

ಆಗಲೇ ಬೋಟಿನಿಂದ 'ಬುಟ್ಟಿ, ಬುಟ್ಟಿ' ಎಂದು ಕೂಗು ಕೇಳಿತು. ಹೊರುವವರು ಓಡಿ ಬಂದು ರಾಶಿ ಸುರಿದರು. ಒಂದು ಬುಟ್ಟಿ, ಹತ್ತು ಬುಟ್ಟಿ, ಇಪ್ಪತ್ತು. ಮೀನು ಕಡಿಮೆ. ಮುಕ್ಕಾಲು ಸಣ್ಣ ಶೆಟ್ಲಿ. ಮಧ್ಯಾಹ್ನದೊಳಗೆ ಬೇಯದಿದ್ದರೆ ತಲೆ ಕಪ್ಪಾಗಿ ಗೊಬ್ಬರಕ್ಕೆ ಹೋಗುವ ಮಾಲು.

ಮೋಹನ ಒಲೆ ನೋಡಿದ. ರಾಶಿ ನೋಡಿದ. "ಮಾಲತಿ, ಏಳು. ಹಂಡೆಗೆ ನೀ ಹೋಗು. ಹೊಸ ಸಿಪ್ಪೆ ಹಾಕು."

ಮಾಲತಿ ತೆರಪಿನಾಚೆಗೆ ನೋಡಿದಳು. ಬಿಳಿ ನೆಲದ ಮೇಲಿನ ಕೆಂಪು ಇನ್ನೂ ಹಸಿಯಾಗಿತ್ತು. ಐಸ್ ನೀರು ಅದರ ಒಂದು ಅಂಚನ್ನು ಕರಗಿಸಿ ಅವರ ಕಡೆಗೇ ತರುತ್ತಿತ್ತು.

"ನಾ ಹೋಗೂದಿಲ್ಲ."

"ಎಂತಕ್ಕೆ?"

"ಹೆದರಿಕೆ ಆಗ್ತದೆ."

ಅವಳು ಅದನ್ನು ಎಷ್ಟು ಸಣ್ಣ ದನಿಯಲ್ಲಿ ಹೇಳಿದಳೆಂದರೆ ಮೋಹನ ಮತ್ತೆ ಕೇಳಬೇಕಾಯಿತು. ಅವಳು ಮತ್ತೆ ಅದನ್ನೇ ಹೇಳಿದಳು. ಅವನು ಪಕ್ಕದವಳನ್ನು ನೋಡಿದ. ಅವಳು ಮೀನಿಗೆ ಕೈ ಹಾಕಿದಳು. ಅದರಾಚೆಯವಳು ಕಣ್ಣೆತ್ತಲಿಲ್ಲ. ಬೋಟಿನ ಹೆಸರಾ ಎಂದು ಕೇಳಿದ್ದವಳು ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು, ಉಸಿರು ಎಳೆದು, ಬಿಟ್ಟು, ಮತ್ತೆ ಎಳೆದು ನೋಡುತ್ತಿದ್ದಳು.

"ಜಯಂತಿ, ನೀನಾದ್ರೂ ಹೇಳು ಇವರಿಗೆ."

ಜಯಂತಿ ದುರ್ಗಿಯನ್ನು ನೋಡುತ್ತಿದ್ದಳು. ದುರ್ಗಿಯ ಹಣೆಯಲ್ಲಿ ಬೆವರು. ತುಟಿ ನೀಲಿ. ಪ್ರತಿ ಉಸಿರಿಗೂ ಕುತ್ತಿಗೆಯ ಗುಳಿ ಒಳಗೆ ಎಳೆದುಕೊಳ್ಳುತ್ತಿತ್ತು, ಬಿಡುತ್ತಿತ್ತು. ಮುಂದಿನದು ಬರುತ್ತದೆಯೇ ಎಂದು ಇಬ್ಬರೂ ಒಟ್ಟಿಗೇ ಕಾಯುತ್ತಿದ್ದರು. ಬಂತು. ಜಯಂತಿ ತನ್ನ ಸೆರಗಿನ ತುದಿ ಎತ್ತಿದಳು, ಅವಳ ಬಾಯಿ ಒರೆಸಲು ಹೋದಳು, ನಡುವೆ ನಿಲ್ಲಿಸಿದಳು, ಆಮೇಲೆ ಒರೆಸಿದಳು.

"ಮೊದ್ಲು ಗಾಡಿ ತೆಗಿ," ಎಂದಳು, ತಿರುಗದೆ.

"ಅದು ಸರಿ, ಬೆಂಕಿ—"

"ಬೆಂಕಿ ಬೇಕಾದ್ರೆ ನೀನೇ ಊದು, ಮೋಹನ."